ಯಮಾಟೊದ ಮುಳುಗಡೆಯನ್ನು ವೀರಮರಣ ಅನ್ನಬೇಡಿ

ಯುದ್ಧನೌಕೆಗಳ ಮಾತು ಬಂದರೆ ಜಪಾನಿನ ಯಮಾಟೊ ಹೆಸರು ಬಂದೇ ಬರುತ್ತದೆ. ಅದರ ಹಿಂದೆಯೇ 'ಎಂಥಾ ವೀರಮರಣ!' ಅನ್ನುವ ಉದ್ಗಾರವೂ ಬರುತ್ತದೆ. ನನಗೆ ಇದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. 1945ರ ಏಪ್ರಿಲ್ 7ರ ಮಧ್ಯಾಹ್ನ ಆ ಒಂದೇ ಹಡಗಿನಲ್ಲಿ ಸುಮಾರು 3,000 ಜನ ಸತ್ತರು. ಬಾಂಬು ಹಾಕಿದ್ದು ಅಮೆರಿಕದವರು, ನಿಜ. ಆದರೆ ವಾಪಸ್ ಬರಲಾರರು ಎಂದು ಗೊತ್ತಿದ್ದೇ ಅವರನ್ನು ಕಳಿಸಿದ್ದು ಅವರದೇ ನೌಕಾಪಡೆ.

ಹಡಗು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಉದ್ದ 263 ಮೀಟರ್, ತೂಕ 70,000 ಟನ್ನಿಗೂ ಜಾಸ್ತಿ. 46 ಸೆಂಟಿಮೀಟರ್ ಬಾಯಿಯ ಒಂಬತ್ತು ಫಿರಂಗಿಗಳು. ಒಂದೊಂದು ಗುಂಡು ಸುಮಾರು ಒಂದೂವರೆ ಟನ್, 40 ಕಿಲೋಮೀಟರ್ ದೂರ ಹೋಗುತ್ತಿತ್ತು. ಅಷ್ಟು ದೊಡ್ಡ ಫಿರಂಗಿ ಬೇರೆ ಯಾವ ದೇಶದ ಯುದ್ಧನೌಕೆಯಲ್ಲೂ ಇರಲಿಲ್ಲ. ಜಪಾನಿನ ಕುರೆ ಬಂದರಿನಲ್ಲಿ ಗುಟ್ಟಾಗಿ ಕಟ್ಟಿದರು.

ಇನ್ನು ತಾರೀಖು ನೋಡಿ. 1941ರ ಡಿಸೆಂಬರ್ 10ರಂದು ಮಲಯ ತೀರದ ಹತ್ತಿರ ಜಪಾನಿನ ವಿಮಾನಗಳೇ ಬ್ರಿಟಿಷರ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಎರಡು ದೊಡ್ಡ ಹಡಗುಗಳನ್ನು ಮುಳುಗಿಸಿದ್ದವು. ಮೇಲೆ ಕಾಯುವ ವಿಮಾನ ಇಲ್ಲದ ಹಡಗಿನ ಗತಿ ಏನು ಅನ್ನುವುದನ್ನು ಜಪಾನೇ ಜಗತ್ತಿಗೆ ತೋರಿಸಿತ್ತು. ಅದಾದ ಆರೇ ದಿನಕ್ಕೆ, ಡಿಸೆಂಬರ್ 16ಕ್ಕೆ, ಯಮಾಟೊ ಸೇವೆಗೆ ಸೇರಿತು. 1944ರ ಅಕ್ಟೋಬರ್‌ನಲ್ಲಿ ಅದರ ಜೋಡಿ ಹಡಗು ಮುಸಾಶಿಯೂ ವಿಮಾನಗಳ ದಾಳಿಯಿಂದಲೇ ಮುಳುಗಿತು. ಇಷ್ಟೆಲ್ಲ ನೋಡಿದ ಮೇಲೂ ಯಮಾಟೊವನ್ನು ವಿಮಾನಗಳ ಕಾವಲಿಲ್ಲದೆ ಕಳಿಸಿದರು. ಇದನ್ನು ಶೌರ್ಯ ಅಂತ ನಾನು ಹೇಗೆ ಒಪ್ಪಲಿ?

ಯೋಜನೆ ಹೀಗಿತ್ತು. ಏಪ್ರಿಲ್ 1ರಂದು ಅಮೆರಿಕದ ಸೈನ್ಯ ಜಪಾನಿನ ದಕ್ಷಿಣದ ದ್ವೀಪ ಒಕಿನಾವಾದಲ್ಲಿ ಇಳಿದಿತ್ತು. ಯಮಾಟೊ ಅಲ್ಲಿಗೆ ಹೋಗಿ, ದಡಕ್ಕೆ ಹತ್ತಿ ನಿಂತು, ನಾಶವಾಗುವ ತನಕ ಗುಂಡು ಹಾರಿಸಬೇಕು. ಉಳಿದವರು ಇಳಿದು ನೆಲದ ಮೇಲೆ ಹೋರಾಡಬೇಕು. ಈ ಪಡೆಯ ನಾಯಕ ವೈಸ್ ಅಡ್ಮಿರಲ್ ಸೇಯಿಚಿ ಇಟೊ. ಇದರಿಂದ ಏನೂ ಸಾಧಿಸಲಾಗದು ಎಂದು ಅವರು ವಿರೋಧಿಸಿದರು. ಜೊತೆಗಿದ್ದ ಹಡಗುಗಳ ಕ್ಯಾಪ್ಟನ್‌ಗಳೂ ವಿರೋಧಿಸಿದರು. ಒಪ್ಪಿಸಲು ನೌಕಾಪಡೆಯ ಮೇಲಧಿಕಾರಿಗಳ ಕಡೆಯಿಂದ ಅಡ್ಮಿರಲ್ ಕುಸಾಕಾ ಬಂದರು. ಇಡೀ ದೇಶವೇ ಪ್ರಾಣ ಕೊಡಲಿದೆ, ನೀವು ಮುಂದೆ ನಿಂತು ದಾರಿ ತೋರಿಸಿ ಅನ್ನುವ ಅರ್ಥದ ಮಾತಾಡಿದರು. ಇಟೊ ಒಪ್ಪಿದರು. ಕುಸಾಕಾ ವಾಪಸ್ ಹೋದರು. ಹಡಗು ಹೊರಟಿತು.

ಹೊರಡುವ ಮೊದಲು ಹಡಗಿನ ಹಿರಿಯರು ಒಂದು ಕೆಲಸ ಮಾಡಿದರು. ಹೊಸದಾಗಿ ಬಂದಿದ್ದ ಕೆಡೆಟ್ ಹುಡುಗರನ್ನು, ಕಾಯಿಲೆ ಬಿದ್ದವರನ್ನು ದಡಕ್ಕೆ ಇಳಿಸಿದರು.

ಆಮೇಲೆ ನಡೆದದ್ದರಲ್ಲಿ ಯುದ್ಧಕ್ಕಿಂತ ಬೇಟೆಯೇ ಜಾಸ್ತಿ. ಅಮೆರಿಕದ ಸಬ್‌ಮರೀನ್‌ಗಳು ಹಿಂದಿನ ರಾತ್ರಿಯೇ ನೋಡಿದ್ದವು. ಮಧ್ಯಾಹ್ನ 12.30ರ ಹೊತ್ತಿಗೆ ವಿಮಾನಗಳು ಎರಗಿದವು. ಅಲೆ ಅಲೆಯಾಗಿ ಬಂದು, ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಟಾರ್ಪೆಡೊಗಳನ್ನು ಹೆಚ್ಚಾಗಿ ಎಡಬದಿಗೇ ಹೊಡೆದವು. ಒಂದೇ ಕಡೆ ನೀರು ತುಂಬಿದರೆ ಹಡಗು ಬೇಗ ಮಗುಚುತ್ತದೆ ಅಲ್ವಾ, ಅದಕ್ಕೇ. ಅಮೆರಿಕದ ಕಡೆ ಹೋದದ್ದು 10 ವಿಮಾನ, 12 ಜನ.

ನನ್ನನ್ನು ಬಿಡದೆ ಕಾಡುವ ಸಂಗತಿ ಹಡಗಿನ ಒಳಗಿನದು. ಎಡಕ್ಕೆ ವಾಲುತ್ತಿದ್ದ ಹಡಗನ್ನು ನೆಟ್ಟಗೆ ಮಾಡಲು ಬಲಬದಿಗೂ ನೀರು ಬಿಡಬೇಕಾಯಿತು. ಬಲಬದಿಯ ಎಂಜಿನ್ ರೂಮು, ಬಾಯ್ಲರ್ ರೂಮುಗಳಿಗೆ ಸಮುದ್ರದ ನೀರು ನುಗ್ಗಿಸಿದರು. ಒಳಗೆ ಕೆಲಸ ಮಾಡುತ್ತಿದ್ದವರಿಗೆ ಹೊರಬರಲು ಸಮಯ ಸಿಗಲಿಲ್ಲ. ನೂರಾರು ಜನ ಅಲ್ಲೇ ಮುಳುಗಿದರು. ಹಡಗು ಉಳಿಯಿತಾ? ಅದೂ ಇಲ್ಲ. 2.23ಕ್ಕೆ ಮಗುಚಿ ಸಿಡಿಯಿತು. ಹೊಗೆ ಆಕಾಶಕ್ಕೆ ಅಣಬೆಯಂತೆ ಎದ್ದ ಫೋಟೋವನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಆ ಎಂಜಿನ್ ರೂಮಿನವರ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ.

ಹಡಗು ಉಳಿಯುವುದಿಲ್ಲ ಎಂದು ಖಾತ್ರಿಯಾದಾಗ ಇಟೊ ಕಾರ್ಯಾಚರಣೆ ನಿಲ್ಲಿಸಿ ಅಂದರು. ನಂತರ ತಮ್ಮ ಕೋಣೆಗೆ ಹೋದರು, ಹಡಗಿನ ಜೊತೆಯೇ ಹೋದರು. ಅವರು ಸತ್ತದ್ದು ನನಗೆ ದೊಡ್ಡದಲ್ಲ. ಅವರ ಆ ಆದೇಶ ದೊಡ್ಡದು. ಅದು ಇಲ್ಲದಿದ್ದರೆ ಯಮಾಟೊದ ಜೊತೆ ಬಂದಿದ್ದ ಡಿಸ್ಟ್ರಾಯರ್ ಎಂಬ ಸಣ್ಣ ಯುದ್ಧನೌಕೆಗಳಲ್ಲಿ ಉಳಿದವೂ ಒಕಿನಾವಾದ ಕಡೆಗೇ ಹೋಗಬೇಕಿತ್ತು. ಎಂಟರಲ್ಲಿ ನಾಲ್ಕು ಉಳಿದವು. ನೀರಿನಲ್ಲಿ ತೇಲುತ್ತಿದ್ದವರನ್ನು ಎತ್ತಿಕೊಂಡು ಅವು ಜಪಾನಿಗೆ ಮರಳಿದವು. ಯಮಾಟೊದವರು 300 ಜನರೂ ಸಿಗಲಿಲ್ಲ. ಆದರೂ ಸಿಕ್ಕವರು ಮನೆ ಸೇರಿದರು. ನಾಲ್ಕು ತಿಂಗಳಲ್ಲಿ ಯುದ್ಧವೂ ಮುಗಿಯಿತು.

ಈ ಹಡಗಿನ ಕಥೆಯಲ್ಲಿ ಹೊಗಳಬೇಕು ಅನ್ನಿಸಿದರೆ ಹುಡುಗರನ್ನು ದಡಕ್ಕೆ ಇಳಿಸಿದ್ದನ್ನು ಹೊಗಳಿ, ಸಾಕು ನಿಲ್ಲಿಸಿ ಅಂದದ್ದನ್ನು ಹೊಗಳಿ. ದಡದಲ್ಲಿ ಕೂತು ಬಲಿ ಕೇಳಿದವರ ಮಾತನ್ನು ಎಂಬತ್ತು ವರ್ಷ ಆದಮೇಲೂ ನಾವು ಯಾಕೆ ಒಪ್ಪಿಸುತ್ತಾ ಕೂರಬೇಕು?