ಯೋಯೋದ ಅಂಚಿಗೆ ಉಕ್ಕಿನ ರಿಂಗು ಬೇಕೆ?

ಪೂರ್ತಿ ಅಲ್ಯೂಮಿನಿಯಂನಲ್ಲಿ ಕಡೆದ ಯೋಯೋ ಸಾಕೆ, ಇಲ್ಲವೇ ಎರಡೂ ಅಂಚಿಗೆ ಸ್ಟೇನ್‌ಲೆಸ್ ಸ್ಟೀಲ್ ರಿಂಗು ಕೂರಿಸಿದ ಬೈ-ಮೆಟಲ್ ಯೋಯೋವೇ ಬೇಕೆ ಎಂಬುದು ದಾವಣಗೆರೆಯಲ್ಲಿ ಈ ಆಟ ಹಿಡಿದಿರುವ ಕೆಲವೇ ಮಂದಿಯ ನಡುವೆ ಮತ್ತೆ ಮತ್ತೆ ಏಳುವ ಪ್ರಶ್ನೆ. ಪರವಾಗಿ ಬರೆದವರು ಇಲ್ಲಿನ ಇಂಜಿನಿಯರಿಂಗ್ ಕಾಲೇಜೊಂದರ ಮೆಕ್ಯಾನಿಕಲ್ ವಿಭಾಗದ ಮೇಷ್ಟ್ರು. ವಿರೋಧವಾಗಿ ಬರೆದವರು ಹರಿಹರದ ಕಡೆಗೆ ಹೋಗುವ ರಸ್ತೆಯಲ್ಲಿ ಲೇತ್ ಶೆಡ್ ನಡೆಸುವವರು. ಇಬ್ಬರೂ ಯೋಯೋ ಆಡುತ್ತಾರೆ.

ಪರ

ಯೋಯೋವನ್ನು ಎಸೆದಾಗ ತೋಳು ಕೊಟ್ಟ ಶಕ್ತಿಯ ಬಹುಪಾಲು ತಿರುಗುವಿಕೆಯ ರೂಪದಲ್ಲಿ ಅದರೊಳಗೆ ಉಳಿಯುತ್ತದೆ. ದಾರದ ತುದಿಯಲ್ಲಿ ಅದು ನಿಂತಲ್ಲೇ ತಿರುಗುವಷ್ಟು ಹೊತ್ತಿನಲ್ಲಿ, ಅಂದರೆ ಆಟಗಾರರು ಸ್ಲೀಪ್ ಎನ್ನುವ ಅವಧಿಯಲ್ಲಿ, ಆಡಬೇಕಾದ ಟ್ರಿಕ್‌ಗಳನ್ನೆಲ್ಲ ಆಡಿ ಮುಗಿಸಬೇಕು. ಈ ಅವಧಿ ಎಷ್ಟಿರುತ್ತದೆ, ಆ ಹೊತ್ತಿನಲ್ಲಿ ಯೋಯೋ ಎಷ್ಟು ನೆಟ್ಟಗೆ ನಿಲ್ಲುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ತಿರುಗುವಿಕೆಯ ಜಡತ್ವ. ಒಂದೊಂದು ಗ್ರಾಂ ದ್ರವ್ಯವನ್ನೂ ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ ಕೂಡಿದರೆ ಈ ಜಡತ್ವ ಸಿಗುತ್ತದೆ. ಆದ್ದರಿಂದ ಅಕ್ಷದಿಂದ 10 ಮಿ.ಮೀ. ದೂರದಲ್ಲಿರುವ ಒಂದು ಗ್ರಾಂ ಲೋಹವನ್ನು 27 ಮಿ.ಮೀ. ದೂರದ ಅಂಚಿಗೆ ಸರಿಸಿದರೆ, ಯೋಯೋದ ಒಟ್ಟು ತೂಕ ಕಿಂಚಿತ್ತೂ ಹೆಚ್ಚದಿದ್ದರೂ, ಆ ಒಂದು ಗ್ರಾಂನ ಪಾಲು ಏಳು ಪಟ್ಟಿಗಿಂತ ಹೆಚ್ಚಾಗುತ್ತದೆ. ನಮ್ಮ ಕಡೆಯ ಹುಡುಗರು ಹೊಟ್ಟೆ ಅಗಲವಾದ ಬುಗುರಿಯನ್ನೇ ಆರಿಸಿಕೊಳ್ಳುತ್ತಿದ್ದುದರ ಹಿಂದೆಯೂ ಇದೇ ಲೆಕ್ಕವಿತ್ತು.

ಹಾಗಾದರೆ ಅಲ್ಯೂಮಿನಿಯಂ ಅಂಚನ್ನೇ ದಪ್ಪ ಮಾಡಬಹುದಲ್ಲ ಎಂದು ಕೇಳಬಹುದು. ಜಾಗವೇ ಇಲ್ಲ ಎಂಬುದು ಉತ್ತರ. ಇಂದಿನ ಯೋಯೋ ಸಾಮಾನ್ಯವಾಗಿ 54ರಿಂದ 58 ಮಿ.ಮೀ. ವ್ಯಾಸದ್ದು, ತೂಕ 60ರಿಂದ 68 ಗ್ರಾಂ. ಇದಕ್ಕಿಂತ ದೊಡ್ಡದಾದರೆ ಅಂಗೈಗೆ ಹೊಂದುವುದಿಲ್ಲ, ಭಾರವಾದರೆ ಬೆರಳು ನೋಯುತ್ತದೆ. ಅಲ್ಯೂಮಿನಿಯಂ ಘನ ಸೆಂಟಿಮೀಟರಿಗೆ 2.7 ಗ್ರಾಂ ತೂಗಿದರೆ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 7.9 ಗ್ರಾಂ ತೂಗುತ್ತದೆ. ಹೊರ ವ್ಯಾಸ 56, ಒಳ ವ್ಯಾಸ 52, ಅಗಲ 3 ಮಿ.ಮೀ. ಇರುವ ಒಂದು ರಿಂಗನ್ನು ಸ್ಟೀಲಿನಲ್ಲಿ ಮಾಡಿದರೆ ಸುಮಾರು 8 ಗ್ರಾಂ ಆಗುತ್ತದೆ, ಅಲ್ಯೂಮಿನಿಯಂನಲ್ಲಿ ಮಾಡಿದರೆ 3 ಗ್ರಾಂ ಕೂಡ ಆಗುವುದಿಲ್ಲ. ಎರಡು ಅಂಚು ಸೇರಿ 10 ಗ್ರಾಂಗೂ ಹೆಚ್ಚು ವ್ಯತ್ಯಾಸ ಬಂತು. ಆ 10 ಗ್ರಾಮನ್ನು ಗೋಡೆಯ, ಅಂದರೆ ದಾರದ ಎರಡೂ ಬದಿಗಿರುವ ಬಿಲ್ಲೆಯ, ನಡುಭಾಗದಿಂದ ಕೆತ್ತಿ ತೆಗೆಯಬಹುದು. ಗೋಡೆ ತೆಳುವಾದರೆ ಬಗ್ಗೀತು ಎಂಬ ಭಯವಿದ್ದವರು 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಬದಲು 7075 ಎಂಬುದನ್ನು ಬಳಸುತ್ತಾರೆ. ಎರಡನೆಯದು ಬಾಗುವ ಮುನ್ನ ಮೊದಲನೆಯದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಒತ್ತಡ ತಡೆಯುತ್ತದೆ.

ಸ್ಲೀಪ್ ಎಷ್ಟು ನಿಮಿಷ ಎಂಬುದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಯೋಯೋದ ಸ್ಥಿರತೆ. ದಾರ ಒಂದು ಬದಿಯ ಗೋಡೆಗೆ ಉಜ್ಜಿದ ಕೂಡಲೇ ಅಕ್ಷವನ್ನು ವಾಲಿಸುವ ತಿರುಚುಬಲ ಹುಟ್ಟುತ್ತದೆ. ಅಕ್ಷ ಎಷ್ಟು ಬೇಗ ವಾಲುತ್ತದೆ ಎಂಬುದು ಆ ಬಲವನ್ನು ಕೋನೀಯ ಸಂವೇಗದಿಂದ, ಅಂದರೆ ಜಡತ್ವವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಿಗುವ ಮೊತ್ತದಿಂದ, ಭಾಗಿಸಿದರೆ ತಿಳಿಯುತ್ತದೆ. ಸಂವೇಗ ಹೆಚ್ಚಿದ್ದಷ್ಟೂ ಅದೇ ತಪ್ಪಿಗೆ ಯೋಯೋ ಕಡಿಮೆ ವಾಲುತ್ತದೆ. ದಾರವನ್ನು ನಾಲ್ಕಾರು ಸಲ ಮಡಿಚಿ ಹೆಣೆಯುವ ಟ್ರಿಕ್‌ಗಳಲ್ಲಿ, ಅದರಲ್ಲೂ ಯೋಯೋವನ್ನು ಅಡ್ಡಲಾಗಿ ಮಲಗಿಸಿ ಆಡುವ ಟ್ರಿಕ್‌ಗಳಲ್ಲಿ, ಗೋಡೆಗೆ ದಾರ ತಾಗದಂತೆ ಆಡುವುದು ಪಳಗಿದವರಿಗೂ ಕಷ್ಟ. ಅಲ್ಲಿ ಅಂಚಿನ ಸ್ಟೀಲ್ ಆಟಗಾರನಿಗೆ ತಪ್ಪು ತಿದ್ದಿಕೊಳ್ಳಲು ಸಮಯ ಕೊಡುತ್ತದೆ.

ಹಿತ್ತಾಳೆಯನ್ನೂ ಬಳಸಬಹುದು, ಸಾಂದ್ರತೆ ಸ್ಟೀಲಿಗಿಂತ ತುಸು ಹೆಚ್ಚೇ, ಕಡೆಯುವುದೂ ಸುಲಭ, ಆದರೆ ಬೆವರು ತಾಗಿದರೆ ಕಪ್ಪಾಗುತ್ತದೆ. ಟೈಟಾನಿಯಂ ಗಟ್ಟಿಯಾದದ್ದು, ಕಾಂಕ್ರೀಟ್ ನೆಲಕ್ಕೆ ತಾಗಿದರೆ ಕಿಡಿ ಹಾರಿಸಿ ನೋಡುವವರನ್ನು ಬೆರಗುಗೊಳಿಸುತ್ತದೆ. ಆದರೆ ಸಾಂದ್ರತೆ ಕೇವಲ 4.4ರ ಆಸುಪಾಸು, ಬೆಲೆಯಂತೂ ಕೇಳುವಂತಿಲ್ಲ. ತೂಕವನ್ನು ಅಂಚಿಗೆ ತಳ್ಳುವ ಕೆಲಸಕ್ಕೆ ಅಲ್ಯೂಮಿನಿಯಂ ಮೈ, ಸ್ಟೀಲ್ ಅಂಚು ಎಂಬ ಜೋಡಿಯನ್ನು ಮೀರಿಸುವಂಥದ್ದು ಸಾಮಾನ್ಯರ ಕೈಗೆಟುಕುವ ಬೆಲೆಯಲ್ಲಿ ಇನ್ನೊಂದಿಲ್ಲ.

ವಿರೋಧ

ಮೇಷ್ಟ್ರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅವರು ಲೆಕ್ಕವನ್ನು ಅರ್ಧಕ್ಕೇ ನಿಲ್ಲಿಸಿದ್ದಾರೆ. ಅವರು ಹೇಳಿದ 10 ಗ್ರಾಮನ್ನೇ ತೆಗೆದುಕೊಳ್ಳೋಣ. 64 ಗ್ರಾಂ ಯೋಯೋದ ತೂಕವೆಲ್ಲ ಅಕ್ಷದಿಂದ 20 ಮಿ.ಮೀ. ದೂರದಲ್ಲಿದೆಯೆಂದು ಭಾವಿಸಿ, ಅದರಲ್ಲಿ 10 ಗ್ರಾಮನ್ನು 27 ಮಿ.ಮೀ.ಗೆ ಸರಿಸಿದರೆ ಜಡತ್ವ ಹೆಚ್ಚುವುದು ಸುಮಾರು ಶೇಕಡಾ 13. ತೋಳು ಮಾತ್ರ ಹಳೆಯದೇ. ಅದು ಕೊಡುವ ಶಕ್ತಿಯೂ ಅಷ್ಟೇ. ಜಡತ್ವ ಹೆಚ್ಚಾದ ಯೋಯೋ ಅದೇ ಎಸೆತಕ್ಕೆ ಮೊದಲಿಗಿಂತ ನಿಧಾನವಾಗಿ ತಿರುಗುತ್ತದೆ. ಹೀಗಾಗಿ ಕೋನೀಯ ಸಂವೇಗ ಹೆಚ್ಚುವುದು ಜಡತ್ವದ ವರ್ಗಮೂಲದ ಪ್ರಮಾಣದಲ್ಲಿ ಮಾತ್ರ, ಅಂದರೆ ಶೇಕಡಾ 6ರಷ್ಟು. ಅಕ್ಷದ ಮೇಲೆ ಕೂತು ದಾರದ ಕುಣಿಕೆಯನ್ನು ಹೊರುವ ಬೇರಿಂಗಿನ ಘರ್ಷಣೆ ಅಷ್ಟೇ ಇದ್ದರೆ ಸ್ಲೀಪ್ ಕೂಡ ಹೆಚ್ಚುವುದು ಅಷ್ಟೇ. ಒಣಗಿದ ಬೇರಿಂಗನ್ನು ಬಿಚ್ಚಿ ತೊಳೆದು ಒಂದು ತೊಟ್ಟು ತೆಳು ಎಣ್ಣೆ ಬಿಟ್ಟರೆ, ಇಲ್ಲವೇ ನೇರವಾಗಿ ಎಸೆಯುವುದನ್ನು ಕಲಿತರೆ ಸಿಗುವ ಲಾಭ ಇದಕ್ಕಿಂತ ದೊಡ್ಡದು. 2014ರಲ್ಲಿ ಪ್ರಾಗ್‌ನಲ್ಲಿ ನಡೆದ ವಿಶ್ವ ಯೋಯೋ ಸ್ಪರ್ಧೆಯ 1ಎ ವಿಭಾಗವನ್ನು, ಅಂದರೆ ಒಂದೇ ಯೋಯೋದಲ್ಲಿ ದಾರದ ಟ್ರಿಕ್‌ಗಳನ್ನು ಆಡುವ ವಿಭಾಗವನ್ನು, ಅಮೆರಿಕದ ಜೆಂಟ್ರಿ ಸ್ಟೈನ್ ಗೆದ್ದದ್ದು ಷಟರ್ ಎಂಬ ಪೂರ್ತಿ ಅಲ್ಯೂಮಿನಿಯಂ ಯೋಯೋದಲ್ಲಿ. ಆ ಆರು ಶೇಕಡಾ ಇಲ್ಲದ್ದರಿಂದ ಅವರಿಗೇನೂ ಕೊರತೆಯಾಗಲಿಲ್ಲ.

ಇನ್ನು ನನ್ನ ಕಸುಬಿನ ಮಾತು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳು ಈ ಭಾಗದ ಶೆಡ್‌ಗಳಲ್ಲಿ ಇನ್ನೂ ಓಡುತ್ತಿವೆ, ನನ್ನದೂ ಅಂಥದ್ದೇ ಒಂದು. ಒಂದೇ ಲೋಹದ ತುಂಡನ್ನು ಲೇತಿನ ಚಕ್‌ಗೆ, ಅಂದರೆ ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ, ಕಚ್ಚಿಸಿ, ಬೇರಿಂಗ್ ಕೂರುವ ಜಾಗವನ್ನೂ ಹೊರ ಅಂಚನ್ನೂ ಒಂದೇ ಸೆಟ್ಟಿಂಗಿನಲ್ಲಿ ಕಡೆದರೆ ಎರಡರ ಕೇಂದ್ರವೂ ತಾನಾಗಿಯೇ ಒಂದಾಗುತ್ತದೆ. ರಿಂಗು ಹಾಗಲ್ಲ. ಅದನ್ನು ಬೇರೆ ಕಡೆದು, ಮೈಗಿಂತ ಕೂದಲೆಳೆಯಷ್ಟು ಬಿಗಿಯಿಟ್ಟು, ಒತ್ತಿ ಕೂರಿಸಬೇಕು. ಕೂರಿಸಿದ ಮೇಲೆ ಓರೆ ಅಳೆಯುವ ಡಯಲ್ ಗೇಜ್ ಇಟ್ಟು ಕೈಯಲ್ಲಿ ನಿಧಾನವಾಗಿ ತಿರುಗಿಸಿದರೆ ಮುಳ್ಳು ಎಲ್ಲೋ ಒಂದು ಕಡೆ ಅಲುಗುತ್ತದೆ. ರಿಂಗಿನ ಕೇಂದ್ರ 0.05 ಮಿ.ಮೀ. ಆಚೀಚೆ ಆಗಿದ್ದರೆ, ನಿಮಿಷಕ್ಕೆ 3000 ಸುತ್ತಿನಲ್ಲಿ, 8 ಗ್ರಾಂ ರಿಂಗು ಸುಮಾರು 4 ಗ್ರಾಂ ತೂಕಕ್ಕೆ ಸಮನಾದ ಬಲದಲ್ಲಿ ಅಕ್ಷವನ್ನು ಎಳೆಯುತ್ತ ಸೆಕೆಂಡಿಗೆ 50 ಸಲ ಸುತ್ತು ಬರುತ್ತದೆ. ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟು. ಅದು ದಾರದ ಮೂಲಕ ಬೆರಳಿಗೆ ನಡುಕವಾಗಿ ಬರುತ್ತದೆ, ತೋಳು ಕೊಟ್ಟ ಶಕ್ತಿಯೂ ಆ ನಡುಕದಲ್ಲಿ ಸೋರಿಹೋಗುತ್ತದೆ. ಅಂದರೆ ಸ್ಟೀಲ್ ರಿಂಗು ಮೇಷ್ಟ್ರು ಹೇಳುವ ಗುಣದ ಜೊತೆಗೆ ಕಡೆದವನ ತಪ್ಪನ್ನೂ ದೊಡ್ಡದು ಮಾಡುತ್ತದೆ. ರಿಂಗನ್ನು ಮೊದಲೇ ಒತ್ತಿ ಕೂರಿಸಿ, ಆಮೇಲೆ ಎರಡು ಲೋಹವನ್ನೂ ಒಟ್ಟಿಗೆ ಫಿನಿಶಿಂಗ್ ಮಾಡುವ ದಾರಿ ಇದೆಯಾದರೂ, ಅಲ್ಯೂಮಿನಿಯಂಗೆ ಒಗ್ಗುವ ವೇಗ ಸ್ಟೀಲಿಗೆ ಒಗ್ಗುವುದಿಲ್ಲ, ಟೂಲ್ ಬೇರೆ, ಸಮಯ ಹೆಚ್ಚು. ಬೆಲೆ ಏರುವುದು ಸ್ಟೀಲಿನಿಂದಲ್ಲ, ಇಂಥ ಕೆಲಸದಿಂದ.

ಸ್ಥಿರತೆಯ ಬಗ್ಗೆಯೂ ಒಂದು ತಕರಾರಿದೆ. ವಾಲದ ಯೋಯೋ ವಾಲಿದ ಮೇಲೆ ಸುಲಭಕ್ಕೆ ನೆಟ್ಟಗೂ ಆಗುವುದಿಲ್ಲ. ಹೊಸಬರ ಎಸೆತ ಮೊದಲೇ ಓರೆ. ಆ ಓರೆಯನ್ನು ಅಂಚಿನ ತೂಕ ಕೊನೆಯವರೆಗೂ ನಿಷ್ಠೆಯಿಂದ ಕಾಪಾಡುತ್ತದೆ. ಜೊತೆಗೆ, ದಾರವನ್ನು ಸಡಿಲವಾಗಿ ಒಳಗೆ ಕೊಟ್ಟು ಬೈಂಡ್ ಮಾಡಿದಾಗ, ಅಂದರೆ ಯೋಯೋವನ್ನು ಕೈಗೆ ಮರಳಿಸಿದಾಗ, ಇಂಥ ಯೋಯೋ ಬಲವಾಗಿ ಹಿಂದಿರುಗುತ್ತದೆ, ಸ್ಟೀಲ್ ಅಂಚು ನೇರವಾಗಿ ಬೆರಳಿನ ಗೆಣ್ಣಿಗೆ ಬಡಿಯುತ್ತದೆ. ಅಂಚಿಗೆ ತೂಕ ಹಾಕಿದರೆ ಯೋಯೋ ದಾರದ ಮೇಲೆ ನಿಧಾನವಾಗುತ್ತದೆ ಎಂದು ದೂರುವವರೂ ಇದ್ದಾರೆ. ಅದು ಮಾತ್ರ ಸರಿಯಲ್ಲ, ಏಕೆಂದರೆ ಆಚೀಚೆ ಓಡಿಸುವಾಗ ಲೆಕ್ಕಕ್ಕೆ ಬರುವುದು ಒಟ್ಟು ತೂಕವೇ ಹೊರತು ಹಂಚಿಕೆಯಲ್ಲ.

7075ರ ಹೆಸರಿನಲ್ಲಿ ನಡೆಯುವ ವ್ಯಾಪಾರವನ್ನೂ ಇಲ್ಲಿ ಹೇಳಿಬಿಡಬೇಕು. ಅದರ ಸಾಂದ್ರತೆ 2.8, 6061ರದು 2.7. ಒಂದೇ ಆಕಾರ, ಒಂದೇ ತೂಕ ಇಟ್ಟರೆ ಮಿಶ್ರಲೋಹದ ಹೆಸರು ನೋಡಿ ಯೋಯೋ ಹೆಚ್ಚು ಹೊತ್ತು ತಿರುಗುವುದಿಲ್ಲ. ಅದರ ನಿಜವಾದ ಉಪಯೋಗ ಅಕ್ಷ ಕೂರುವ, ಬೇಗ ಸವೆಯದ ತಿರುಪಿನ ಥ್ರೆಡ್‌ಗಳಲ್ಲಿದೆ, ನಮ್ಮ ಮನೆಗಳ ಗ್ರಾನೈಟ್ ನೆಲಕ್ಕೆ ಬಡಿದಾಗ ಬೀಳುವ ಚಿಕ್ಕ ಕಚ್ಚಿನಲ್ಲಿದೆ. ದಾರದ ಬಗ್ಗೆಯಾದರೋ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಊರಿನಲ್ಲಿ ಕುಳಿತು ನಾವು ಪಾಲಿಯೆಸ್ಟರ್ ದಾರ ತರಿಸಿಕೊಳ್ಳುತ್ತೇವೆ.

ಬೈ-ಮೆಟಲ್ ಕೊಳ್ಳಲೇಬೇಕೆನ್ನುವವರು ಮೊದಲು ಅದನ್ನು ಜೋರಾಗಿ ಎಸೆದು, ತಿರುಗುತ್ತಿರುವಾಗ ಹೆಬ್ಬೆರಳಿನ ಉಗುರನ್ನು ಅಂಚಿಗೆ ಮೆಲ್ಲಗೆ ಸೋಕಿಸಿ ನೋಡಬೇಕು. ಉಗುರು ಜಾರಿದರೆ ಒಳ್ಳೆಯ ಕೆಲಸ, ಅದುರಿದರೆ ರಿಂಗು ಓರೆಯಾಗಿ ಕೂತಿದೆ ಎಂದರ್ಥ. ಈ ಪರೀಕ್ಷೆಯಲ್ಲಿ ಪಾಸಾದ ಯೋಯೋ ಬಗ್ಗೆ ನನ್ನ ಆಕ್ಷೇಪವಿಲ್ಲ. ಆದರೆ ಆನ್‌ಲೈನಿನಲ್ಲಿ ಚಿತ್ರ ನೋಡಿ ಹಣ ಕಟ್ಟುವ ನಮಗೆ ಹಾಗೆ ಎಸೆದು ನೋಡುವ ಅವಕಾಶ ಸಿಗುವುದು ಹಣ ಕೊಟ್ಟ ಮೇಲೆ.