ಹೆಸರು ಪಾಬ್ಲೊ, ಗೋಡೆ ಮೇಲೆ ಗೀಚಿದ್ರೆ ಏಟು

ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಗೊತ್ತಾಗುವ ಮೊದಲೇ ಅದು ಕಲಾವಿದ ಅನ್ನುವುದು ತೀರ್ಮಾನವಾಗಿರುತ್ತದೆ. ಗಂಡಾದರೆ ವಿನ್ಸೆಂಟ್, ಹೆಣ್ಣಾದರೆ ಫ್ರೀಡಾ. ಅಪ್ಪ ಅಮ್ಮ ಇಬ್ಬರೂ ಜೀವಮಾನದಲ್ಲಿ ಬ್ರಷ್ ಹಿಡಿದಿರುವುದು ಹಲ್ಲುಜ್ಜಲಿಕ್ಕೆ ಮಾತ್ರ. ಪರವಾಗಿಲ್ಲ, ಕಲಾವಿದನ ಹೆಸರಿಡಲು ಕಲೆ ಗೊತ್ತಿರಬೇಕು ಅಂತ ಯಾವ ಕಾನೂನೂ ಇಲ್ಲ.

ಈ ಹೆಸರಿಡುವ ಕೆಲಸದಲ್ಲಿ ಮಗುವಿನ ಪಾಲು ತೀರಾ ಕಡಿಮೆ. ಅದಕ್ಕೆ ಬೇಕಾಗಿರುವುದು ಹಾಲು, ನಿದ್ದೆ, ಒಣಗಿದ ಬಟ್ಟೆ. ಹೆಸರು ಬೇಕಾಗಿರುವುದು ದೊಡ್ಡವರಿಗೆ. "ಮಗೂಗೆ ಏನು ಹೆಸರಿಟ್ರಿ?" ಅಂತ ಯಾರಾದರೂ ಕೇಳಬೇಕು. "ವಿನ್ಸೆಂಟ್" ಅನ್ನಬೇಕು. ಕೇಳಿದವರು "ಓ, ವ್ಯಾನ್ ಗೋ!" ಅಂತ ಹುಬ್ಬೇರಿಸಬೇಕು. ಆಗ "ಹೌದು, ನಮ್ಮಿಬ್ಬರಿಗೂ ತುಂಬಾ ಇಷ್ಟ" ಅಂತ ಮೆಲ್ಲಗೆ ನಗಬೇಕು. ಇಷ್ಟಕ್ಕಾಗಿ ಒಂದು ಜೀವ ಎಂಬತ್ತು ವರ್ಷ ಆ ಹೆಸರು ಹೊತ್ತು ತಿರುಗಬೇಕು. ಗೋಡೆಗೆ ಒಂದು ಪೋಸ್ಟರ್ ಅಂಟಿಸಿದ್ದರೆ ಎಲ್ಲರಿಗೂ ಕಡಿಮೆ ಖರ್ಚಿನಲ್ಲಿ ಮುಗಿಯುತ್ತಿತ್ತು.

ಹೆಸರು ಹುಟ್ಟಿದ್ದಕ್ಕೆ ಒಂದು ಕಥೆಯೂ ಬೇಕಾಗುತ್ತದೆ. ಸಿನಿಮಾ ನಟ ಲಿಯೊನಾರ್ಡೊ ಡಿಕಾಪ್ರಿಯೊನ ಕಥೆ ಎಲ್ಲರಿಗೂ ಗೊತ್ತು. ಅವನ ಅಮ್ಮ ಬಸುರಿಯಾಗಿದ್ದಾಗ ಇಟಲಿಯ ಮ್ಯೂಸಿಯಮ್ಮಿನಲ್ಲಿ ಲಿಯೊನಾರ್ಡೊ ಡ ವಿಂಚಿಯ ಚಿತ್ರದ ಮುಂದೆ ನಿಂತಿದ್ದಾಗ ಒಳಗಿನಿಂದ ಮಗು ಒದ್ದಿತಂತೆ. ಅಂದಿನಿಂದ ಬಸುರಿಯರೆಲ್ಲ ಮ್ಯೂಸಿಯಮ್ಮಿನಲ್ಲಿ ಒದೆಗೆ ಕಾಯುತ್ತಿದ್ದಾರೆ. ಪಾರ್ಕಿಂಗ್ ಜಾಗದಲ್ಲಿ, ಲಿಫ್ಟಿನ ಎದುರು, ಟಾಯ್ಲೆಟ್ ಬೋರ್ಡಿನ ಮುಂದೆ ಒದ್ದ ಮಕ್ಕಳ ಬಗ್ಗೆ ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ಈಗ ಆಯ್ಕೆಗೆ ಬರೋಣ. ಎಲ್ಲ ಕಲಾವಿದರ ಹೆಸರೂ ನಡೆಯುವುದಿಲ್ಲ. ಮೈಕೆಲೇಂಜೆಲೊ ಅಂತ ಇಡುತ್ತೀರಿ, ಸರಿ. ಯಾವ ಮೈಕೆಲೇಂಜೆಲೊ? ಸಿಸ್ಟೀನ್ ಚಾಪೆಲ್ಲಿನ ಚಾವಣಿಗೆ 1508ರಿಂದ 1512ರವರೆಗೆ ಬಣ್ಣ ಹಚ್ಚಿದವನಾ? ಆತ ಆ ಕೆಲಸದ ಬಗ್ಗೆ ಒಂದು ಪದ್ಯವನ್ನೇ ಬರೆದಿದ್ದಾನೆ. ಕತ್ತು ಊದಿಕೊಂಡಿದೆ, ಗಡ್ಡ ಆಕಾಶ ನೋಡುತ್ತಿದೆ, ಮುಖದ ಮೇಲೆಲ್ಲ ಬಣ್ಣ ತೊಟ್ಟಿಕ್ಕುತ್ತಿದೆ, ಅಷ್ಟಕ್ಕೂ ನಾನು ಚಿತ್ರಕಾರನೇ ಅಲ್ಲ ಅಂತ ಗೋಳಾಡಿದ್ದಾನೆ. ಇನ್ನೊಬ್ಬ ಮೈಕೆಲೇಂಜೆಲೊನೂ ಇದ್ದಾನೆ. ಮೈಕೆಲೇಂಜೆಲೊ ಮೆರಿಸಿ. ಜನ ಅವನನ್ನು ಕರೆಯುವುದು ಕರವಾಜಿಯೊ ಅಂತ, ಅದು ಊರಿನ ಹೆಸರು. ಅದ್ಭುತ ಚಿತ್ರಕಾರ. 1606ರಲ್ಲಿ ರೋಮ್‌ನಲ್ಲಿ ಜಗಳಕ್ಕೆ ಬಿದ್ದು ಒಬ್ಬನನ್ನು ಕೊಂದು ಊರು ಬಿಟ್ಟು ಓಡಿದ. ಎರಡನೆಯವನ ನೆನಪಿಗೆ ಹೆಸರಿಟ್ಟೆವು ಅಂತ ಹೇಳಿದ ಅಪ್ಪ ಅಮ್ಮನನ್ನು ನಾನಂತೂ ಕಂಡಿಲ್ಲ.

ಕಲಾವಿದ ಅನ್ನುವುದಷ್ಟೇ ಮುಖ್ಯವಾಗಿದ್ದರೆ ಇನ್ನೊಬ್ಬನೂ ಇದ್ದ. ವಿಯೆನ್ನಾದಲ್ಲಿ ಕಟ್ಟಡಗಳ ಚಿತ್ರ ಬರೆದು ಮಾರುತ್ತಿದ್ದ. ಅಲ್ಲಿನ ಕಲಾ ಅಕಾಡೆಮಿ 1907ರಲ್ಲಿ ಒಂದು ಸಲ, 1908ರಲ್ಲಿ ಇನ್ನೊಂದು ಸಲ ಸೀಟು ಕೊಡದೆ ವಾಪಸ್ ಕಳಿಸಿತು. ಆಮೇಲೆ ಅವನು ಬೇರೆ ಕೆಲಸ ನೋಡಿಕೊಂಡ. ಅಡಾಲ್ಫ್ ಅನ್ನುವ ಹೆಸರು ಈಗ ಹುಡುಕಿದರೂ ಸಿಗುವುದಿಲ್ಲ, ಅಲ್ವಾ?

ಹಾಗಾದರೆ ಬೇಕಾಗಿರುವುದು ಏನು? ಕಲಾವಿದ ಬೇಡ. ಅವನು ಸತ್ತ ಮೇಲೆ ಬಂದ ಹೆಸರು ಬೇಕು, ಹರಾಜಿನ ರೇಟು ಬೇಕು. ವ್ಯಾನ್ ಗೋ ಬರೆದ ಡಾಕ್ಟರ್ ಗಾಶೆಯ ಚಿತ್ರ 1990ರಲ್ಲಿ 8.25 ಕೋಟಿ ಡಾಲರಿಗೆ ಹೋಯಿತು. ಅದೇ ವ್ಯಾನ್ ಗೋ ಬದುಕಿದ್ದಾಗ ಅವನ 'ಕೆಂಪು ದ್ರಾಕ್ಷಿ ತೋಟ' ಮಾರಾಟವಾದದ್ದು 400 ಫ್ರಾಂಕಿಗೆ. ಮಗುವಿಗೆ ಹೆಸರಿಡುವಾಗ ತಲೆಯಲ್ಲಿರುವುದು ಮೊದಲನೆಯ ಅಂಕಿ. ಎರಡನೆಯದು ಯಾರ ನೆನಪಿಗೂ ಬರುವುದಿಲ್ಲ. ರೆಂಬ್ರಾಂಟ್ 1656ರಲ್ಲಿ ದಿವಾಳಿಯಾಗಿ ಮನೆ ಸಾಮಾನೆಲ್ಲ ಹರಾಜಾಯಿತು. ವರ್ಮೀರ್ 1675ರಲ್ಲಿ ಸತ್ತಾಗ ಹೆಂಡತಿಗೆ ಬಿಟ್ಟುಹೋದದ್ದು ಹನ್ನೊಂದು ಮಕ್ಕಳು ಮತ್ತು ಸಾಲ. ಗೋಗ್ಯಾಂ ಷೇರು ಪೇಟೆಯ ಒಳ್ಳೆ ಕೆಲಸ ಕಳೆದುಕೊಂಡು, ಹೆಂಡತಿ ಮತ್ತು ಐದು ಮಕ್ಕಳಿಂದ ದೂರವಾಗಿ ತಹೀತಿಗೆ ಹೋದ. "ದೊಡ್ಡವನಾದ ಮೇಲೆ ಅವರ ಹಾಗೇ ಆಗಪ್ಪ" ಅಂತ ಹರಸುವ ಮೊದಲು ಒಮ್ಮೆ ಯೋಚಿಸುವುದು ಒಳ್ಳೆಯದು. ಹರಕೆ ಫಲಿಸಿಬಿಟ್ಟರೆ ಕಷ್ಟ.

ಫ್ರೀಡಾಳ ಕಥೆ ಇನ್ನೂ ಚೆನ್ನಾಗಿದೆ. ಮೆಕ್ಸಿಕೋದ ಈ ಕಲಾವಿದೆಯ ಪೂರ್ತಿ ಹೆಸರು ಮಗ್ದಲೇನಾ ಕಾರ್ಮೆನ್ ಫ್ರೀಡಾ ಕಾಹ್ಲೊ. ಹದಿನೆಂಟನೇ ವಯಸ್ಸಿಗೆ ಬಸ್ ಅಪಘಾತದಲ್ಲಿ ಬೆನ್ನುಮೂಳೆ ಮುರಿಯಿತು. ಆಮೇಲೆ ಬದುಕಿಡೀ ನೋವು, ಆಪರೇಷನ್ನು. ಹಾಸಿಗೆಯಲ್ಲಿ ಮಲಗಿಕೊಂಡೇ ಚಿತ್ರ ಬರೆದಳು. ಈ ಭಾಗ ಯಾರಿಗೂ ಬೇಡ. ಬೇಕಾಗಿರುವುದು ತಲೆ ಮೇಲಿನ ಹೂವು. 2018ರಲ್ಲಿ ಅಂಗಡಿಗೆ ಬಂದ ಫ್ರೀಡಾ ಬಾರ್ಬಿ ಬೊಂಬೆಯಲ್ಲೂ ಹಾಗೇ ಆಯಿತು. ಹೂವು ಇತ್ತು, ಕೂಡಿಕೊಂಡ ಹುಬ್ಬು ಮಾತ್ರ ಸರಿಯಾಗಿ ಇರಲಿಲ್ಲ. ಸಂಬಂಧಿಕರು ಕೋರ್ಟಿಗೆ ಹೋದರು, ಮೆಕ್ಸಿಕೋದಲ್ಲಿ ಮಾರಾಟಕ್ಕೆ ತಡೆ ಬಿತ್ತು. ಮಗುವಿಗೆ ಹೆಸರಿಟ್ಟವರ ಮೇಲೆ ಈ ಥರ ಕೇಸು ಹಾಕಲು ಬರುವುದಿಲ್ಲ. ಹದಿನೈದು ವರ್ಷ ಕಳೆಯಲಿ, ಅದೇ ಅಮ್ಮ ಅದೇ ಫ್ರೀಡಾಳನ್ನು ಕೂರಿಸಿಕೊಂಡು "ಹುಬ್ಬು ಸ್ವಲ್ಪ ಶೇಪ್ ಮಾಡಿಸ್ಕೊಳ್ಳೇ, ಚೆನ್ನಾಗಿ ಕಾಣ್ತೀಯ" ಅನ್ನುತ್ತಾಳೆ.

ಇನ್ನು ಹೆಸರು ಹೊತ್ತವರ ಪಾಡು. ವ್ಯಾನ್ ಗೋ ತನ್ನ ಕಿವಿ ತಾನೇ ಕೊಯ್ದುಕೊಂಡವನಲ್ವಾ, ವಿನ್ಸೆಂಟ್ ಅಂದ ತಕ್ಷಣ ಎದುರಿಗಿರುವವರು ಕಿವಿ ನೋಡುತ್ತಾರೆ. ನೋಡಿ, "ಎರಡೂ ಇದಾವಲ್ಲಾ!" ಅಂತ ನಗುತ್ತಾರೆ. ಈ ಜೋಕು ತಮಗೇ ಮೊದಲು ಹೊಳೆದದ್ದು ಅನ್ನುವ ಸಂತೋಷ ಅವರ ಮುಖದಲ್ಲಿರುತ್ತದೆ. ಶಾಲೆಯಲ್ಲಿ ಇದೇ ಜೋಕು, ಆಫೀಸಿನಲ್ಲಿ ಇದೇ ಜೋಕು, ಮದುವೆ ಮಾತುಕತೆಯಲ್ಲೂ ಇದೇ ಜೋಕು. ಸಾಲ್ವಡೋರ್ ಆದರೆ ಚಿತ್ರಕಾರ ಡಾಲಿಯ ಮೀಸೆ. ಲಿಯೊನಾರ್ಡೊ, ರಾಫೆಲ್, ಡೊನಾಟೆಲ್ಲೊ ಆದರೆ ಅದೂ ಇಲ್ಲ. 1984ರಲ್ಲಿ ಅಮೆರಿಕದ ಕಾಮಿಕ್ಸಿನಲ್ಲಿ ನಾಲ್ಕು ಆಮೆಗಳು ಈ ಹೆಸರುಗಳನ್ನು ಕಿತ್ತುಕೊಂಡವು, ಇವತ್ತಿನವರೆಗೂ ವಾಪಸ್ ಕೊಟ್ಟಿಲ್ಲ. ಅಪ್ಪನ ಮನಸ್ಸಿನಲ್ಲಿ ಇಟಲಿಯ ಕಲಾನಗರಿ ಫ್ಲಾರೆನ್ಸ್ ಇರುತ್ತದೆ. ಕ್ಲಾಸಿನ ಹುಡುಗರ ಮನಸ್ಸಿನಲ್ಲಿ ಆಮೆ. ಪಿಕಾಸೊ ಅಂತ ಇಡೋಣ ಅಂದರೆ 1999ರಲ್ಲಿ ಸಿಟ್ರೊಯೆನ್ ಕಂಪನಿ ಆ ಹೆಸರನ್ನು ಸಹಿ ಸಮೇತ ಒಂದು ಫ್ಯಾಮಿಲಿ ಕಾರಿಗೆ ಅಂಟಿಸಿ ಮುಗಿಸಿದೆ. ಹುಡುಗನಿಗೂ ಕಾರಿಗೂ ಒಂದೇ ಹೆಸರು. ಡಿಕ್ಕಿ ಇರುವುದು ಮಾತ್ರ ಒಂದಕ್ಕೆ.

ಈ ಹುಚ್ಚು ಇವತ್ತಿನದು ಅಂದುಕೊಳ್ಳಬೇಡಿ. ಇದರಲ್ಲಿ ಎಲ್ಲರನ್ನೂ ಮೀರಿಸಿದವನು ಚಾರ್ಲ್ಸ್ ವಿಲ್ಸನ್ ಪೀಲ್. ಅಮೆರಿಕದ ಫಿಲಡೆಲ್ಫಿಯಾದ ಚಿತ್ರಕಾರ, 1741ರಲ್ಲಿ ಹುಟ್ಟಿದವನು, ಸ್ವಂತ ಮ್ಯೂಸಿಯಂ ಬೇರೆ ಇಟ್ಟಿದ್ದ. ಅವನ ಮನೆಯಲ್ಲಿ ಹಾಜರಿ ಕರೆದರೆ ಕಲೆಯ ಇತಿಹಾಸದ ಪುಸ್ತಕ ಓದಿದ ಹಾಗಿರುತ್ತಿತ್ತು. ರಾಫೆಲ್, ಏಂಜೆಲಿಕಾ ಕೌಫ್ಮನ್, ರೆಂಬ್ರಾಂಟ್, ಟಿಷಿಯನ್, ರೂಬೆನ್ಸ್, ಸೊಫೊನಿಸ್ಬಾ. ಎಲ್ಲರೂ ಅವನ ಮಕ್ಕಳೇ. ಟಿಷಿಯನ್ 1798ರಲ್ಲಿ ತೀರಿಕೊಂಡ. ಮರುವರ್ಷ ಹುಟ್ಟಿದ ಮಗನಿಗೆ ಮತ್ತೆ ಟಿಷಿಯನ್ ಅಂತಲೇ ಹೆಸರು. ಹುದ್ದೆ ಖಾಲಿ ಬಿಡುವ ಹಾಗಿರಲಿಲ್ಲ ಅಂತ ಕಾಣುತ್ತದೆ.

ಫಲಿತಾಂಶ ಹೇಗಿತ್ತು? ರೆಂಬ್ರಾಂಟ್ ಪೀಲ್ ಒಳ್ಳೆ ಚಿತ್ರಕಾರನಾದ, ಅಧ್ಯಕ್ಷ ಜೆಫರ್ಸನ್ನನ ಚಿತ್ರ ಬರೆದ. ಸ್ವಲ್ಪ ಕಾಲ ಅಪ್ಪನ ಮನೆತನದ ಹೆಸರು ಬಿಟ್ಟು ಬರೀ ರೆಂಬ್ರಾಂಟ್ ಅಂತ ಕರೆದುಕೊಂಡ. ಇದಕ್ಕೆ ಧೈರ್ಯ ಅನ್ನಬೇಕೋ ಇನ್ನೇನು ಅನ್ನಬೇಕೋ, ನೀವೇ ಹೇಳಿ. ದೊಡ್ಡ ಮಗ ರಾಫೆಲ್ಲನಿಗೆ ಹಣ್ಣು, ತಟ್ಟೆ, ಬಟ್ಟಲುಗಳನ್ನು ಬರೆಯುವುದರಲ್ಲಿ ಆಸಕ್ತಿ. ಇವತ್ತು ಆ ಚಿತ್ರಗಳಿಗೆ ಒಳ್ಳೆ ಮರ್ಯಾದೆ ಇದೆ. ಆದರೆ ಅಪ್ಪನಿಗೆ ಅದು ಸಾಲದು, ಮನುಷ್ಯರ ಮುಖ ಬರಿ ಅಂತ ಒತ್ತಾಯ. ರಾಫೆಲ್ ಅಂತ ಹೆಸರಿಟ್ಟುಕೊಂಡು ಕಲ್ಲಂಗಡಿ ಬರೆದರೆ ಅಪ್ಪನಿಗೆ ಹೇಗಾಗಬೇಡ! ಪಾಪ, ಆತ ಕುಡಿತಕ್ಕೆ ಬಿದ್ದು, ಕೈಯಲ್ಲಿ ಕಾಸಿಲ್ಲದೆ, ಅಪ್ಪನಿಗಿಂತ ಮೊದಲೇ 1825ರಲ್ಲಿ ತೀರಿಹೋದ.

ರೂಬೆನ್ಸ್ ಪೀಲ್‌ಗೆ ಚಿಕ್ಕಂದಿನಿಂದ ಕಣ್ಣು ಮಂದ. ಅಣ್ಣ ರೆಂಬ್ರಾಂಟ್ 1801ರಲ್ಲಿ ಅವನ ಚಿತ್ರ ಬರೆದಿದ್ದಾನೆ, ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮೇಜಿನ ಮೇಲೆ ಕುಂಡದಲ್ಲಿ ಒಂದು ಜೆರೇನಿಯಂ ಗಿಡ. ಪಕ್ಕದಲ್ಲಿ ಹದಿನೇಳರ ಹುಡುಗ, ಎರಡು ಬೆರಳು ಕುಂಡದ ಮಣ್ಣಿನ ಅಂಚಿನಲ್ಲಿ. ಮೂಗಿನ ಮೇಲೆ ಒಂದು ಕನ್ನಡಕ. ಕೈಯಲ್ಲಿ ಇನ್ನೊಂದು ಕನ್ನಡಕ! ಹೆಸರು ನೋಡಿದರೆ ಬಣ್ಣಗಳ ಸರದಾರ, ಎದುರಿನ ಗಿಡ ನೋಡಬೇಕಾದರೆ ಎರಡೆರಡು ಜೊತೆ ಗಾಜು. ಅವನು ಮ್ಯೂಸಿಯಂ ನೋಡಿಕೊಂಡು ಬದುಕು ಕಳೆದ. ಎಪ್ಪತ್ತು ದಾಟಿದ ಮೇಲೆ, ಹೇಳುವವರು ಕೇಳುವವರು ಯಾರೂ ಇಲ್ಲದಿದ್ದಾಗ, ತಾನಾಗಿ ಬ್ರಷ್ ಹಿಡಿದ. ಈ ಇಡೀ ಮನೆತನದಲ್ಲಿ ನನಗೆ ಇಷ್ಟವಾದವನು ಇವನೊಬ್ಬನೇ.

ಇನ್ನೂ ಒಂದಿದೆ. 1795ರಲ್ಲಿ ಹುಟ್ಟಿದ ಇನ್ನೊಬ್ಬ ಮಗನಿಗೆ ಪೀಲ್ ಮೊದಲು ಇಟ್ಟ ಹೆಸರು ಅಲ್ಡ್ರೊವಾಂಡ್. ಚಿತ್ರಕಾರರಿಂದ ವಿಜ್ಞಾನಿಗಳ ಕಡೆ ಹೊರಳಿದ್ದ. ಯಾಕೋ ಸಮಾಧಾನವಾಗಲಿಲ್ಲ. ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡು ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯ ಸಭೆಗೇ ಹೋಗಿ, ನೀವೇ ಒಂದು ಹೆಸರು ಹೇಳಿ ಅಂದ. ಪಂಡಿತರು ಸಂಸ್ಥೆ ಕಟ್ಟಿದವನ ಹೆಸರನ್ನೇ ಕೊಟ್ಟು ಕೈತೊಳೆದುಕೊಂಡರು. ಮಗು ಬೆಂಜಮಿನ್ ಫ್ರಾಂಕ್ಲಿನ್ ಆಗಿ ಮನೆಗೆ ಬಂತು. ಅಲ್ಡ್ರೊವಾಂಡ್ ಅನ್ನುವುದರಿಂದ ಪಾರು ಮಾಡಿದ್ದಕ್ಕೆ ಅವನು ಆ ಸೊಸೈಟಿಗೆ ಋಣಿಯಾಗಿದ್ದಿರಬೇಕು.

ಅಷ್ಟಕ್ಕೂ ಈ ಬಗ್ಗೆ ಕಲಾವಿದರನ್ನೇ ಕೇಳಿದ್ದರೆ ಏನನ್ನುತ್ತಿದ್ದರು? ಒಬ್ಬನ ಉತ್ತರ ನಮ್ಮಲ್ಲಿದೆ. 1890ರ ಜನವರಿ 31ರಂದು ವಿನ್ಸೆಂಟ್ ವ್ಯಾನ್ ಗೋನ ತಮ್ಮ ಥಿಯೋಗೆ ಗಂಡು ಮಗು ಹುಟ್ಟಿತು. ಅಣ್ಣನ ಹೆಸರೇ ಇಟ್ಟ. ಅಣ್ಣ ಆಗ ಸಾನ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದ. ಅಮ್ಮನಿಗೆ ಬರೆದ ಕಾಗದದಲ್ಲಿ ಅವನು ಹೇಳಿದ್ದಿಷ್ಟು: ನನ್ನ ಹೆಸರಿಗಿಂತ ಅಪ್ಪನ ಹೆಸರಿಟ್ಟಿದ್ದರೆ ಚೆನ್ನಾಗಿತ್ತು, ಇರಲಿ, ಇಟ್ಟಾಗಿದೆ. ಹಾಗಂದರೂ ಅದೇ ಮಗುವಿಗಾಗಿ, ತಮ್ಮನ ಮಲಗುವ ಕೋಣೆಗೆ ಅಂತ, ನೀಲಿ ಆಕಾಶದಲ್ಲಿ ಬಿಳಿ ಬಾದಾಮಿ ಹೂವಿನ ಕೊಂಬೆಗಳನ್ನು ಬರೆದ. ವಿನ್ಸೆಂಟ್ ಅನ್ನುವ ಹೆಸರು ಬೇಡ ಅಂದವನು ಸ್ವತಃ ವಿನ್ಸೆಂಟ್. ಅದೇ ಹೆಸರಿಗೆ ಈಗ ಬೇಬಿ ಶವರಿನ ಕೇಕಿನ ಮೇಲೆ ಅವನ 'ನಕ್ಷತ್ರದ ರಾತ್ರಿ' ಚಿತ್ರವನ್ನು ಕ್ರೀಮಿನಲ್ಲಿ ಬಳಿಯುತ್ತಾರೆ.

ಆ ಮಗು ದೊಡ್ಡದಾಗಿ ಏನಾಯಿತು ಗೊತ್ತಾ? ಎಂಜಿನಿಯರ್. ಮನೆ ತುಂಬ ದೊಡ್ಡಪ್ಪನ ಚಿತ್ರಗಳು, ಕೊರಳಿಗೆ ದೊಡ್ಡಪ್ಪನ ಹೆಸರು. ಆದರೂ ಹುಡುಗ ನೆಟ್ಟಗೆ ಹೋಗಿ ಎಂಜಿನಿಯರಿಂಗ್ ಸೇರಿದ. ಅವನೇ ಮುಂದೆ ಆ ಚಿತ್ರಗಳನ್ನೆಲ್ಲ ಒಟ್ಟಿಗೆ ಉಳಿಸಿ ಒಂದು ಸಂಸ್ಥೆಗೆ ಕೊಟ್ಟಿದ್ದರಿಂದ 1973ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ವ್ಯಾನ್ ಗೋ ಮ್ಯೂಸಿಯಂ ತೆರೆಯಿತು.

ಈಗಿನ ಪಾಬ್ಲೊನ ಮನೆಗೆ ಬನ್ನಿ. ಮೂಲ ಪಾಬ್ಲೊ, ಅಂದರೆ ಪಿಕಾಸೊನ ಅಪ್ಪ ಚಿತ್ರಕಲೆ ಮೇಷ್ಟ್ರಾಗಿದ್ದ. ಆದರೂ ಮಗುವಿಗೆ ಸಂತರ, ನೆಂಟರ ಹೆಸರುಗಳನ್ನೇ ಒಂದು ಮಾರುದ್ದ ಪೋಣಿಸಿ ಸುಮ್ಮನಾಗಿದ್ದ. ನಮ್ಮ ಪಾಬ್ಲೊಗೆ ಎರಡೂವರೆ ವರ್ಷ. ಕೈಗೆ ಕೊಟ್ಟಿರುವುದು ತೊಳೆದರೆ ಹೋಗುವ ಕ್ರೇಯಾನ್. ಡಬ್ಬದ ಮೇಲೆ ಅದನ್ನೇ ದೊಡ್ಡದಾಗಿ ಬರೆದಿದೆ, ಅಮ್ಮ ಕೊಂಡಿದ್ದೂ ಅದನ್ನು ನೋಡಿಯೇ. ಮೇಜಿನ ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡ್ರಾಯಿಂಗ್ ಪುಸ್ತಕ, ಪುಸ್ತಕದಲ್ಲಿ ಮೊದಲೇ ಗೆರೆ ಎಳೆದಿಟ್ಟ ಆನೆ. "ಗೆರೆ ದಾಟಬಾರದು ಪುಟ್ಟ" ಅಂತ ಅಪ್ಪ ಹೇಳಿಕೊಡುತ್ತಿದ್ದಾನೆ. ಪುಟ್ಟ ಆನೆಯನ್ನು ಬಿಟ್ಟು ಎದ್ದು, ಸೋಫಾದ ಹಿಂದೆ ನುಸುಳಿ, ಬೆಳ್ಳಗಿನ ಗೋಡೆ ಮೇಲೆ ಎರಡು ಕಣ್ಣು ಬರೆಯುತ್ತಾನೆ. ಎರಡೂ ಮೂಗಿನ ಒಂದೇ ಬದಿಯಲ್ಲಿ.

"ಪಾಬ್ಲೊ! ಏನೋ ಇದು!"

ಇಡೀ ಬದುಕಿನಲ್ಲಿ ಆ ಹೆಸರಿಗೆ ಸರಿಯಾಗಿ ನಡೆದುಕೊಂಡ ಒಂದೇ ಒಂದು ಕ್ಷಣಕ್ಕೆ ಹುಡುಗನಿಗೆ ಬೆನ್ನ ಮೇಲೆ ಬಿತ್ತು. ಗೋಡೆ ಒರೆಸಿದ್ದಾಯಿತು. ಬಣ್ಣ ಹೋಯಿತು, ಕಂಪನಿ ಸುಳ್ಳು ಹೇಳಿರಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೂ "ಇಲ್ಲ, ನಮ್ಮದು ವಿನ್ಸೆಂಟೇ" ಅನ್ನುವವರು ಇದ್ದೇ ಇರುತ್ತಾರೆ. ಇಡಿ, ನಿಮ್ಮ ಮಗು, ನಿಮ್ಮಿಷ್ಟ. ಒಂದು ಮಾತು ಮಾತ್ರ ನೆನಪಿರಲಿ. ವಿನ್ಸೆಂಟನ ಬಣ್ಣ, ಕ್ಯಾನ್ವಾಸು, ಬಾಡಿಗೆ, ಊಟ, ಎಲ್ಲಕ್ಕೂ ತಿಂಗಳು ತಿಂಗಳು ದುಡ್ಡು ಕಳಿಸುತ್ತಿದ್ದವನು ತಮ್ಮ. ಹಾಗಾಗಿ ಒಂದೇ ಮಗು ಸಾಕು ಅಂತ ನಿಲ್ಲಿಸಬೇಡಿ. ಎರಡನೆಯದಕ್ಕೆ ಥಿಯೋ ಅಂತ ಇಟ್ಟು, ಬೇಗ ಕೆಲಸಕ್ಕೆ ಸೇರಿಸಿ.