ನಡುವೆ ಒಂದೂವರೆ ತಾಸು ಎಲ್ಲಿ ನಿಂದ್ರಿಸಿದ್ರು?

ಮಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬಳ್ಳಾರಿಗೆ ಬಂದು ನಾಲ್ಕು ದಿನಗಳಾದವು. ನಮ್ಮ ಷಡ್ಡಕರ ವಿಚಾರಣೆ ಮಾತ್ರ ಇನ್ನೂ ಮುಗಿದಿಲ್ಲ. ಇಂದು ಬೆಳಿಗ್ಗೆಯೂ ಒಗ್ಗರಣೆ-ಮಿರ್ಚಿಯ ತಟ್ಟೆಯನ್ನು ಮುಂದಿಟ್ಟುಕೊಂಡು ಅದೇ ಲೆಕ್ಕ ತೆಗೆದರು. "ದೂರ 14,000 ಕಿಲೋಮೀಟರ್, ವೇಗ ತಾಸಿಗೆ 900. ಭಾಗಿಸಿದ್ರ ಹದಿನೈದೂವರೆ ತಾಸು. ಟಿಕೆಟ್ಟಿನಾಗ ಹದಿನೇಳು ಐತಿ. ನಡುವೆ ಒಂದೂವರೆ ತಾಸು ಎಲ್ಲಿ ನಿಂದ್ರಿಸಿದ್ರು?"

ಷಡ್ಡಕರು ನಿವೃತ್ತ ಬಸ್ ಕಂಟ್ರೋಲರ್. ಗಾಡಿ ತಡವಾಯಿತೆಂದರೆ ಚಾಲಕ ಢಾಬಾದಲ್ಲಿ ಕುಳಿತಿದ್ದನೆಂದೇ ಅವರ ಅರ್ಥ. ವಿಮಾನ ಮೇಲೇರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ, ರನ್‌ವೇವರೆಗೆ ತೆವಳುವ ಹೊತ್ತೂ ಟಿಕೆಟ್ಟಿನ ಲೆಕ್ಕಕ್ಕೆ ಸೇರುತ್ತದೆ, ಗಾಳಿ ಎದುರಾದರೆ ಇನ್ನಷ್ಟು ತಡವೆಂದು ವಿವರಿಸಿದೆ. ಅವರು ನನ್ನನ್ನು ಆ ಚಾಲಕನನ್ನು ನೋಡುವಂತೆಯೇ ನೋಡಿದರು.

ಬಾಯಿ ತಪ್ಪಿ ಉತ್ತರ ಧ್ರುವದ ಮಾತೆತ್ತಿದ್ದು ನನ್ನದೇ ತಪ್ಪು. 2021ರ ಜನವರಿಯಲ್ಲಿ ಆ ಊರಿನಿಂದ ಬೆಂಗಳೂರಿಗೆ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಧ್ರುವದ ಮೇಲಿಂದ ಹಾರಿಸಿ ತಂದಿದ್ದರು ಎಂದೆ. "ಅಷ್ಟು ಸುತ್ತಿ ಯಾಕ?" ಎಂದು ಅವರು ಹೌಹಾರಿದರು. ಗೋಡೆಯ ನಕಾಶೆಯಲ್ಲಿ ಸುತ್ತಾಗಿ ಕಾಣುವುದೇ ಗುಂಡಗಿನ ಭೂಮಿಯ ಮೇಲೆ ಹತ್ತಿರದ ದಾರಿಯೆಂದು ತೋರಿಸಲು ಮೋಸಂಬಿಯೊಂದನ್ನು ತಂದು, ಪೆನ್ನಿನಿಂದ ಎರಡು ಊರುಗಳ ಗುರುತು ಹಾಕಿ, ಹೆಂಡತಿಯ ಹೂ ಕಟ್ಟುವ ನೂಲನ್ನು ಬಿಗಿಯಾಗಿ ಎಳೆದು ಹಿಡಿದೆ. ನೂಲು ತೊಟ್ಟಿನ ಪಕ್ಕದಲ್ಲೇ ಹಾದುಹೋಯಿತು. ಷಡ್ಡಕರು ಹಣ್ಣನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು, ತೂಗಿ ನೋಡಿದರು, ಕನ್ನಡಕ ಏರಿಸಿ ಬೆಂಗಳೂರನ್ನು ಉಗುರಿನಿಂದ ಕೆರೆದರು. ನನಗೂ ಗೆದ್ದೆನೆಂಬ ಭರವಸೆ ಮೂಡಿತು. ಅಷ್ಟರಲ್ಲಿ ಅವರು ಉತ್ತರ ಧ್ರುವಕ್ಕೆ ಹೆಬ್ಬೆರಳು ಊರಿ ಸಿಪ್ಪೆ ಸುಲಿದು, ಅಮೆರಿಕದ ಕಡೆಯ ಎರಡು ತೊಳೆ ಬಾಯಿಗಿಟ್ಟುಕೊಂಡು, "ಹುಳಿ ಐತಿ" ಎಂದರು.

ಹತ್ತಿರದ ದಾರಿಯ ಬಗ್ಗೆ ಇಷ್ಟು ಕಾಳಜಿಯುಳ್ಳ ಇವರೇ ಮಗಳನ್ನು ಕರೆತರಲು ಹೋದಾಗ ಅನಂತಪುರ, ಬಾಗೇಪಲ್ಲಿಯ ಮೇಲೆ ನೇರವಾಗಿ ದೇವನಹಳ್ಳಿಗೆ ಇಳಿಯುವುದನ್ನು ಬಿಟ್ಟು, ಚಳ್ಳಕೆರೆ, ಹಿರಿಯೂರು, ತುಮಕೂರು ಸುತ್ತಿಸಿದ್ದರು. ಹಿರಿಯೂರಿನ ಹತ್ತಿರ ಇಡ್ಲಿ ಚೆನ್ನಾಗಿರುತ್ತದೆಯಂತೆ. ಅಲ್ಲಿ ನಿಂತ ಮುಕ್ಕಾಲು ತಾಸಿನ ಲೆಕ್ಕವನ್ನು ಇದುವರೆಗೆ ಯಾರೂ ಕೇಳಿಲ್ಲ.

ಮಗಳು ಅಲ್ಲಿ ಶನಿವಾರ ರಾತ್ರಿ ವಿಮಾನ ಹತ್ತಿ, ಇಲ್ಲಿ ಸೋಮವಾರ ನಸುಕಿನಲ್ಲಿ ಇಳಿದಳು. ಹದಿಮೂರೂವರೆ ತಾಸಿನ ಗಡಿಯಾರದ ಅಂತರವೂ ಸೇರಿ ಭಾನುವಾರ ಹಾರಾಟದಲ್ಲೇ ಕರಗಿತ್ತು. ಎರಡು ವರ್ಷಕ್ಕೊಮ್ಮೆ ಹದಿನೈದು ದಿನಕ್ಕೆ ಬರುವವಳು ಹಗಲೆಲ್ಲ ಮಲಗಿ, ನಾವು ಮಲಗುವ ಹೊತ್ತಿಗೆ ಎದ್ದು, ಒಬ್ಬಳೇ ಅಡುಗೆಮನೆಯಲ್ಲಿ ತಟ್ಟೆ ಸದ್ದು ಮಾಡದಂತೆ ರೊಟ್ಟಿ-ಶೇಂಗಾ ಚಟ್ನಿ ತಿನ್ನುತ್ತಾಳೆ. ಹೋಗುವಾಗ ಮಧ್ಯಾಹ್ನ ಇಲ್ಲಿ ಹೊರಟರೆ ಅಲ್ಲಿ ಅದೇ ದಿನದ ಸಂಜೆಗೇ ಇಳಿಯಬಹುದು. ಕಳೆದ ದಿನ ಅವಳಿಗೆ ಮರಳಿ ಸಿಗುತ್ತದೆ, ನಮಗೆ ಸಿಗುವುದಿಲ್ಲ.

ಇದನ್ನು ಷಡ್ಡಕರಿಗೆ ಹೇಳಬಾರದಿತ್ತು. ಈಗ ತಾನೇ ಫೋನ್ ಮಾಡಿ, "ಬರುವಾಗ ಹದಿನೇಳು, ಹೋಗುವಾಗ ಬರೀ ಮೂರು ತಾಸಾ? ಹಂಗಾದ್ರ ಬರುವಾಗ ನಿಂದ್ರಿಸಿದ್ದು ಖರೆ" ಎಂದರು.